ದೂರದರ್ಶನ ವಾರ್ತೆಯಲ್ಲಿ ಅನುವೃತ್ತಿ

ಕಾವ್ಯ, ನಾಟಕ, ಕಾದಂಬರಿಗಳನ್ನು ವಿಮರ್ಶಿಸುವ ಈ ಪುಟಗಳಲ್ಲಿ ದೂರದರ್ಶನದ ವಾರ್ತೆಗೆ ಎಡೆ ಏಕೆಂದು ಕೆಲವು ವಾಚಕರು ಕೇಳಬಹುದು. ನಮ್ಮ ಮನೆಗಳಲ್ಲಿ ಪುರಾಣಶ್ರವಣವು ನಿಂತಿರಬಹುದು, ಗಮಕವಾಚನವು ಅಪರೂಪವಾಗಿರಬಹುದು. ಸಂಜೆಯ ವಾರ್ತಾಶ್ರವಣವು ಮಾತ್ರ ತಪ್ಪಿಲ್ಲ. ಮನೆಯ ಹಿರಿಯರೂ ಕಿರಿಯರೂ ಒಟ್ಟಿಗೆ ಕುಳಿತು ಕೇಳುವ ಗದ್ಯಪ್ರಬಂಧವೆಂದರೆ ಈಗ ಇದೊಂದೇ ಎನ್ನಬೇಕು. ಪ್ರಬಂಧವೆಂದ ಮೇಲೆ ಅದರಲ್ಲಿ ಅಂಗಾಂಗಿಭಾವವಿರಬೇಕು, ಔಚಿತ್ಯವಿರಬೇಕು. ಇವು ಇವೆಯೋ ಇಲ್ಲವೋ ಎಂದು ಪರೀಕ್ಷಿಸುವದು ವಿಮರ್ಶಕನ ಅಧಿಕಾರಕ್ಕೆ ಹೊರತಾದದ್ದಲ್ಲ.

ಕನ್ನಡದ ವಾರ್ತಾವಾಹಿನಿಗಳ ಮೇಲೆ ನಮ್ಮ ಕಡೆಯವರು ಹೊರಿಸುವ ದೋಷವು ಸರ್ವವಿದಿತವಷ್ಟೆ: ದೊಡ್ಡ ಘಟನೆಗಳಿಗೆ ತಾಸುಗಟ್ಟಲೆ ಕಾಲವನ್ನು ಕೊಡುತ್ತಾರೆ, ಊರ ಸುದ್ದಿಗೆ ನಿಮಿಷವನ್ನೂ ಕೊಡುವದಿಲ್ಲ. ಈ ಮಾತು ಸುಳ್ಳೆಂದು ನಾವು ಹೇಳೆವು. ಆದರೆ ನಿಮಿಷಗಳನ್ನು ತಕ್ಕಡಿಯಲ್ಲಿಟ್ಟು ತೂಗಿದ ಮಾತ್ರಕ್ಕೆ ವ್ಯಾಧಿಯ ಮೂಲವು ಸಿಕ್ಕುವದಿಲ್ಲವೆಂದು ನಮ್ಮ ಅಭಿಪ್ರಾಯ. ಅದನ್ನು ನಮ್ಮ ಜಿಲ್ಲೆಯ ಉದಾಹರಣೆಗಳಿಂದಲೇ ವಿಶದಪಡಿಸುತ್ತೇವೆ.

ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ಹೆದ್ದಾರಿಯ ಮೇಲೆ ಕಮಲಾಪುರವಿದೆ. ಮೊದಲು ಕಲಬುರಗಿ ತಾಲೂಕಿಗೆ ಸೇರಿದ್ದ ಈ ಊರು 2018ರಲ್ಲಿ ತಾನೇ ತಾಲೂಕಿನ ಕೇಂದ್ರವಾಯಿತು. 2022ನೆಯ ಜೂನ್ 3ರ ಬೆಳಗ್ಗೆ ಗೋವೆಯಿಂದ ಹೈದರಾಬಾದಿಗೆ ಹೊರಟಿದ್ದ ಖಾಸಗಿ ಬಸ್ಸೊಂದು ಇಲ್ಲಿ ಸರಕಿನ ವಾಹನಕ್ಕೆ ಡಿಕ್ಕಿ ಹೊಡೆದು ಉರುಳಿ ಹೊತ್ತಿ ಉರಿಯಿತು. ಹೊರಬರಲಾರದ ಏಳು ಜನರು ಅಲ್ಲಿಯೇ ಬೆಂದುಹೋದರು. ಅಂದು ಕಮಲಾಪುರದ ಹೆಸರು ನಾಡಿನಾಚೆಗೂ ಕೇಳಿತು. ಅದು ಉಚಿತವೇ ಸರಿ. ಅಂಥ ಮರಣವನ್ನು ಕಂಡು ಮಿಡಿಯದ ವಾರ್ತೆಯು ವಾರ್ತೆಯೇ ಅಲ್ಲ. ಆದರೆ ಮಲಗುವ ಬಸ್ಸುಗಳ ತುರ್ತುಬಾಗಿಲು ತೆರೆಯುವ ಸ್ಥಿತಿಯಲ್ಲಿರುವದೋ, ಆ ದಾರಿಯ ತಿರುವುಗಳಿಗೆ ಏನು ರಕ್ಷಣೆಯಿದೆ, ಸುಟ್ಟ ಗಾಯಗಳವರನ್ನು ಹೊಸ ತಾಲೂಕಿನಿಂದ ಎಷ್ಟು ದೂರ ಒಯ್ಯಬೇಕು ಎಂಬ ಪ್ರಶ್ನೆಗಳನ್ನು ಕೈಬಿಡದೆ ಹಿಡಿದು ನಡೆದ ವಾರ್ತೆಯನ್ನು ನಾವು ನೋಡಿದಮಟ್ಟಿಗೆ ಕಾಣಲಿಲ್ಲ. ಬೆಂಕಿ ಆರಿತು, ವಾರ್ತೆಯೂ ಆರಿತು.

ಆ ಊರಿನಲ್ಲಿ ಕೆಲವು ವರ್ಷ ಪಾಠ ಹೇಳಿದ ನಮಗೆ ಅಲ್ಲಿ ಹಳೆಯ ಶಿಷ್ಯರುಂಟು. ಅವರಲ್ಲಿ ಬಾಳೆಯ ತೋಟ ಮಾಡಿಕೊಂಡಿರುವ ಒಬ್ಬನು ತರುವಾಯ ಭೇಟಿಯಾದಾಗ, ‘ಗುರುಗಳೆ, ನಮ್ಮೂರ ಹೆಸರ ಟಿ.ವಿ.ದಾಗ ಬರಬೇಕಂದ್ರ ಯಾರರ ಸಾಯಬೇಕೇನ್ರಿ?’ ಎಂದು ಕೇಳಿದನು. ನಮಗೆ ಉತ್ತರ ಹೊಳೆಯಲಿಲ್ಲ. ಅವನು ಬೆಳೆಯುವ ಕೆಂಪು ಬಾಳೆ ಕಮಲಾಪುರದ ಹೆಸರಿನಲ್ಲಿಯೇ ಭೌಗೋಳಿಕ ಸೂಚನೆಯ ಮಾನ್ಯತೆ ಪಡೆದದ್ದು. ಅದು ಗೊನೆ ಬಿಟ್ಟು ಕೈಗೆ ಬರಲು ಸುಮಾರು ಒಂದೂವರೆ ವರ್ಷ ಬೇಕು. ಅಷ್ಟು ಕಾಲವೂ ನೀರು, ಗೊಬ್ಬರ, ಕಾವಲು ನಡೆಯಬೇಕು. ಬೆಲೆ ಹೆಚ್ಚೆಂದು ಅದಕ್ಕೆ ಶ್ರೀಮಂತರ ಹಣ್ಣೆಂಬ ಹೆಸರೂ ಉಂಟು. ಬೆಳೆದವನು ಶ್ರೀಮಂತನಾದದ್ದನ್ನು ಮಾತ್ರ ನಾವು ಕಂಡಿಲ್ಲ. ಬಸ್ಸಿನ ಬೆಂಕಿಯು ಒಂದು ದಿನದ ವಾರ್ತೆಯಾದರೆ ಈ ಬಾಳೆಯು ಒಂದೂವರೆ ವರ್ಷದ ವಾರ್ತೆ. ಮೊದಲನೆಯದನ್ನು ಹೇಳಬಲ್ಲ ಬಾಯಿ ಎರಡನೆಯದನ್ನು ಹೇಳಲು ಇನ್ನೂ ಕಲಿತಿಲ್ಲ.

ಸಂಸ್ಕೃತ ವ್ಯಾಕರಣವನ್ನು ಓದಿದವರಿಗೆ ಅನುವೃತ್ತಿಯೆಂಬ ಮಾತು ಗೊತ್ತು. ಪಾಣಿನಿಯು ಒಂದು ಸೂತ್ರದಲ್ಲಿ ಹೇಳಿದ ಪದವನ್ನು ಮುಂದಿನ ಸೂತ್ರದಲ್ಲಿ ಮತ್ತೆ ಹೇಳುವದಿಲ್ಲ. ಅದು ಮೇಲಿನಿಂದ ತಾನಾಗಿ ಹರಿದು ಬರುತ್ತದೆ. ಹಾಗೆ ತಂದುಕೊಳ್ಳದೆ ಓದಿದವನಿಗೆ ಮುಂದಿನ ಸೂತ್ರದ ಅರ್ಥವಾಗದು. ಕೆಲವೆಡೆ ಪದವು ನಡುವಣ ಸೂತ್ರಗಳನ್ನು ಬಿಟ್ಟು ದೂರದ ಸೂತ್ರಕ್ಕೆ ಹಾರುವದೂ ಉಂಟು. ಅದನ್ನು ಮಂಡೂಕಪ್ಲುತಿ, ಅಂದರೆ ಕಪ್ಪೆಯ ನೆಗೆತವೆನ್ನುತ್ತಾರೆ. ವ್ಯಾಕರಣದ ಕಪ್ಪೆಯು ಹಾರಿದರೂ ಪದವನ್ನು ಜೊತೆಗೆ ಒಯ್ಯುತ್ತದೆ. ನಮ್ಮ ವಾರ್ತೆಯ ಕಪ್ಪೆಯು ಬರಿದೆ ಹಾರುತ್ತದೆ. ಊರ ಸುದ್ದಿಗೆ ನಿಜವಾಗಿ ಆಗುತ್ತಿರುವ ಅನ್ಯಾಯವು ಇದು.

ಇನ್ನೊಂದು ಉದಾಹರಣೆಯನ್ನು ಕೊಡುತ್ತೇವೆ. 2023ನೆಯ ಜನೇವರಿ 19ರಂದು ಪ್ರಧಾನಮಂತ್ರಿಗಳು ನಮ್ಮ ಜಿಲ್ಲೆಯ ಮಳಖೇಡಕ್ಕೆ ಬಂದರು. ಇದು ರಾಷ್ಟ್ರಕೂಟರ ಮಾನ್ಯಖೇಟ. ಕನ್ನಡದಲ್ಲಿ ಕಾವ್ಯದ ಗುಣದೋಷಗಳನ್ನು ವಿಚಾರಿಸಿದ ಕವಿರಾಜಮಾರ್ಗವು ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ನೆಲ. ಅಂದು ಐವತ್ತು ಸಾವಿರಕ್ಕೂ ಮಿಕ್ಕ ಕುಟುಂಬಗಳಿಗೆ, ಬಹುತೇಕ ಲಂಬಾಣಿ ತಾಂಡಾಗಳವರಿಗೆ, ಮನೆಯ ಹಕ್ಕುಪತ್ರಗಳು ದೊರೆತವು. ವೇದಿಕೆ, ಜನಸಾಗರ, ಭಾಷಣಗಳನ್ನು ನಾವು ಮನೆಯಲ್ಲಿಯೇ ಕುಳಿತು ನೋಡಿದೆವು. ಅದೇ ಹಂಗಾಮಿನಲ್ಲಿ ಅತಿವೃಷ್ಟಿಯಿಂದ ನಲುಗಿದ್ದ ತೊಗರಿಯು ಕಾಯಿ ಹಿಡಿಯುವ ಹೊತ್ತಿಗೆ ನೆಟೆರೋಗದಿಂದ ನಿಂತಲ್ಲಿಯೇ ಒಣಗಿತ್ತು. ತೊಗರಿಯ ಕಣಜವೆನಿಸಿದ, 2019ರಲ್ಲಿ ತನ್ನ ತೊಗರಿಬೇಳೆಗೆ ಭೌಗೋಳಿಕ ಸೂಚನೆ ಪಡೆದ ಈ ಜಿಲ್ಲೆಗೆ ಅದು ಸಣ್ಣ ಪೆಟ್ಟಲ್ಲ. ರೈತರು ಪರಿಹಾರಕ್ಕಾಗಿ ಬೀದಿಗಿಳಿದರು. ಸರಕಾರವೂ ಪರಿಹಾರವನ್ನು ಘೋಷಿಸಿತು.

ಇಲ್ಲಿ ದೊಡ್ಡದು ಯಾವದು, ಸ್ಥಳೀಯವು ಯಾವದು? ಸಭೆಯು ಒಂದು ದಿನದ್ದು, ಹಕ್ಕುಪತ್ರವು ತಲೆಮಾರಿನದು. ಕಂದಾಯಗ್ರಾಮವಾದ ತಾಂಡಾಕ್ಕೆ ದಾರಿ ಬಂದಿತೆ, ನೀರು ಬಂದಿತೆ, ಆ ಪತ್ರವನ್ನು ನಂಬಿ ಬ್ಯಾಂಕು ಸಾಲ ಕೊಟ್ಟಿತೆ ಎಂದು ಕೇಳಿದ್ದರೆ ದೊಡ್ಡ ಘಟನೆಯೇ ಊರ ವಾರ್ತೆಯಾಗುತ್ತಿತ್ತು. ಘೋಷಿಸಿದ ಪರಿಹಾರವು ಯಾರ ಕೈ ಸೇರಿತು, ಮರುವರ್ಷ ರೋಗನಿರೋಧಕ ಬೀಜವು ಸಿಕ್ಕಿತೆ ಎಂದು ಕೇಳಿದ್ದರೆ ಊರ ವಾರ್ತೆಯು ನಾಡಿನ ವಾರ್ತೆಯಾಗುತ್ತಿತ್ತು. ಏಕೆಂದರೆ ಇಲ್ಲಿಯ ತೊಗರಿ ಒಣಗಿದರೆ ಬೆಂಗಳೂರಿನ ಸಾರೂ ತೆಳ್ಳಗಾಗುವದು. ದೊಡ್ಡದಕ್ಕೂ ಚಿಕ್ಕದಕ್ಕೂ ವೈರವಿಲ್ಲ. ಎರಡನ್ನೂ ಹೆಣೆಯುವ ದಾರವೇ ಅನುವೃತ್ತಿ.

ಈ ಸಾಮರ್ಥ್ಯವು ವಾಹಿನಿಗಳಲ್ಲಿ ಇಲ್ಲವೆಂದೂ ಹೇಳುವ ಹಾಗಿಲ್ಲ. 2020ನೆಯ ಮಾರ್ಚ್ 10ರಂದು ಕಲಬುರಗಿಯ ವೃದ್ಧರೊಬ್ಬರು ತೀರಿಕೊಂಡರು. ಭಾರತದಲ್ಲಿ ಕೊರೊನಾ ವ್ಯಾಧಿಯಿಂದಾದ ಮೊದಲ ಮರಣವು ಅದೆಂದು ಎರಡು ದಿನಗಳ ಮೇಲೆ ದೃಢಪಟ್ಟಿತು. ಅಂದು ನಮ್ಮ ಊರಿನ ಹೆಸರನ್ನು ಕೇಳಿ ನಾವೇ ಬೆದರಿದೆವು. ಅಬ್ಬರಕ್ಕೆ ಆಗಲೂ ಕೊರತೆಯಿರಲಿಲ್ಲ. ಆದರೂ ಮುಂದಿನ ತಿಂಗಳುಗಳಲ್ಲಿ ಪ್ರತಿ ಸಂಜೆ ಜಿಲ್ಲೆ ಜಿಲ್ಲೆಯ ಸಂಖ್ಯೆಗಳನ್ನು ಓದಿದರು; ನಿನ್ನೆಯ ಲೆಕ್ಕವು ಇಂದಿನ ಲೆಕ್ಕಕ್ಕೆ ಹರಿದು ಬಂದಿತು. ಮುಂಬಯಿ ಪುಣೆಗಳಿಂದ ಕೂಲಿಕಾರರು ತಾಂಡಾಗಳಿಗೆ ಮರಳಿದ್ದೂ ಆ ಲೆಕ್ಕದಲ್ಲಿ ಕಾಣಿಸಿಕೊಂಡಿತು. ಭಯವು ಕಲಿಸಿದ ಈ ಅಭ್ಯಾಸವನ್ನು ಭಯವು ಹೋದ ಮೇಲೆ ಬಿಟ್ಟದ್ದೇಕೆ?

ಪೂರ್ವಪಕ್ಷವನ್ನೂ ಕೇಳಬೇಕಾದದ್ದು ನ್ಯಾಯ. ವಾಹಿನಿಯು ಇಡೀ ರಾಜ್ಯಕ್ಕೆ ಮಾತಾಡತಕ್ಕದ್ದು. ಚಾಮರಾಜನಗರದವನಿಗೆ ಕಮಲಾಪುರದ ಬಾಳೆಯಿಂದೇನು? ಜಾಹೀರಾತಿನಿಂದ ಬದುಕುವ ಸಂಸ್ಥೆಯು ಹೆಚ್ಚು ಜನರು ನೋಡುವದನ್ನೇ ತೋರಿಸಬೇಕಲ್ಲವೆ? ಜಿಲ್ಲೆಗೊಬ್ಬ ವರದಿಗಾರನಿದ್ದರೆ ಅವನು ಎಷ್ಟು ಊರುಗಳಿಗೆ ಹೋಗಬಲ್ಲನು? ಈ ಮಾತುಗಳಲ್ಲಿ ಹುರುಳಿದೆ. ಆದರೆ ಈ ನೆಲಕ್ಕೆ ದೂರದರ್ಶನವು ಬಂದದ್ದು ಬೇರೊಂದು ಭಾವನೆಯಿಂದ ಎಂಬದನ್ನು ಮರೆಯಬಾರದು. 1975ರ ಆಗಸ್ಟಿನಿಂದ ಒಂದು ವರ್ಷ ನಡೆದ ಉಪಗ್ರಹ ಪ್ರಯೋಗದಲ್ಲಿ ಆರು ರಾಜ್ಯಗಳ 2400 ಹಳ್ಳಿಗಳಿಗೆ ಒಕ್ಕಲುತನ, ಆರೋಗ್ಯ, ಶಿಕ್ಷಣಗಳ ಕಾರ್ಯಕ್ರಮಗಳನ್ನು ತೋರಿಸಿದರು. ಕರ್ನಾಟಕದಲ್ಲಿ ಆ ಭಾಗ್ಯವು ನಮ್ಮ ಕಡೆಯ ಹಳ್ಳಿಗಳಿಗೆ ದೊರೆಯಿತು. ಅದರ ಬೆನ್ನಿಗೆ 1977ರಲ್ಲಿ ಗುಲಬರ್ಗಾದಲ್ಲಿ ಕೇಂದ್ರವಾಯಿತು. ಬೆಂಗಳೂರಿನ ಕೇಂದ್ರವು 1981ರದು. ಅಂದು ಹಳ್ಳಿಯೇ ವಿಷಯವೂ ಶ್ರೋತೃವೂ ಆಗಿತ್ತು. ಆ ಕಾಲವು ಮರಳಲಾರದು. ಆದರೆ ಊರ ಬದುಕನ್ನು ತೋರಿಸಿದರೆ ನೋಡುವವರಿಲ್ಲವೆಂಬ ಮಾತನ್ನು ಆ ಇತಿಹಾಸವು ಒಪ್ಪುವದಿಲ್ಲ.

ಖರ್ಚಿನ ಮಾತಿಗೂ ಸಮಾಧಾನವುಂಟು. ಅನುವೃತ್ತಿಗೆ ಹೊಸ ವಾಹನವೂ ಹೊಸ ಯಂತ್ರವೂ ಬೇಡ. ಒಂದು ವಹಿ ಸಾಕು. ಈ ತಿಂಗಳು ತೋರಿಸಿದ್ದನ್ನು ಬರೆದಿಟ್ಟು, ಮುಂದಿನ ತಿಂಗಳು ಅವುಗಳಲ್ಲಿ ಒಂದನ್ನಾದರೂ ‘ಆಮೇಲೆ ಏನಾಯಿತು’ ಎಂದು ಕೇಳಿದರೆ ಆಯಿತು. ಕಥೆ ಹೇಳುವ ಅಜ್ಜಿಯನ್ನು ಮೊಮ್ಮಗು ಕೇಳುವ ಪ್ರಶ್ನೆಯೂ ಇದೇ. ನಾವೂ ನಿರ್ದೋಷಿಗಳೇನಲ್ಲ, ತೊಗರಿಯ ಮಾತು ಬಂದೊಡನೆ ಕೈಯೊಳಗಿನ ಗುಂಡಿಯನ್ನೊತ್ತಿ ಬೇರೆ ಗದ್ದಲಕ್ಕೆ ಹೋಗುವವರು ನಾವೇ. ಕೇಳುವವರು ನಿಂತರೆ ಹೇಳುವವರೂ ನಿಂತಾರು.

ಕಮಲಾಪುರದ ಆ ಶಿಷ್ಯನ ತೋಟದಲ್ಲಿ ಈ ಸಲ ಗೊನೆಗಳು ಬಲಿಯುತ್ತಿವೆ. ಅವನ ಪ್ರಶ್ನೆಗೆ ಉತ್ತರವನ್ನು ನಾವಿನ್ನೂ ಕೊಟ್ಟಿಲ್ಲ. ಅದನ್ನು ಕೊಡತಕ್ಕವರು ಸಂಜೆಯ ವಾರ್ತೆಯನ್ನು ಓದುವವರು, ಅವರೊಡನೆ ಅದನ್ನು ಕೇಳುತ್ತ ಕುಳಿತ ನಾವೆಲ್ಲರು.