‘ಯಯಾತಿ’ಯಲ್ಲಿ ಕುಲ ಮತ್ತು ಅಧಿಕಾರ

ಶ್ರೀ ಗಿರೀಶ ಕಾರ್ನಾಡರ (1938–2019) ‘ಯಯಾತಿ’ ನಾಟಕವು 1961ರಲ್ಲಿ ಪ್ರಕಟವಾಯಿತು. ಬಾಲ್ಯವನ್ನು ಶಿರಸಿಯಲ್ಲಿ ಕಳೆದು, ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ ತರುಣನೊಬ್ಬನು ಉನ್ನತ ವ್ಯಾಸಂಗಕ್ಕೆಂದು ಆಕ್ಸ್‌ಫರ್ಡಿಗೆ ಹೊರಡುವ ಹೊತ್ತಿನಲ್ಲಿ ಬರೆದ ಮೊದಲ ನಾಟಕವಿದು. ತಂದೆಯ ಮುಪ್ಪನ್ನು ಮಗನು ಹೊರುವ ಕಥೆಯಾದುದರಿಂದ ಇದನ್ನು ಬಹುಮಟ್ಟಿಗೆ ಹೊಣೆಗಾರಿಕೆಯ ನಾಟಕವೆಂದೇ ಓದುತ್ತ ಬಂದಿದ್ದೇವೆ. ಆ ಓದು ತಪ್ಪಲ್ಲ. ಆದರೆ ಕುಲದ ಮೇಲ್ಮೆಯನ್ನೂ ಅದರಿಂದ ಒದಗುವ ಅಧಿಕಾರವನ್ನೂ ಪರೀಕ್ಷಿಸುವ ನಾಟಕವೂ ಇದಾಗಿದೆಯೆಂಬುದನ್ನು ಇಲ್ಲಿ ವಿವೇಚಿಸಬಯಸುತ್ತೇವೆ.

ದೇವಯಾನಿಯು ಶುಕ್ರಾಚಾರ್ಯರ ಮಗಳು. ಶರ್ಮಿಷ್ಠೆಯು ರಾಕ್ಷಸರಾಜನ ಮಗಳು. ಗೆಳತಿಯರ ನಡುವೆ ಕಲಹ ಹುಟ್ಟಿ, ದೇವಯಾನಿಯನ್ನು ಬಾವಿಗೆ ನೂಕಿದ ತಪ್ಪಿಗೆ ಶರ್ಮಿಷ್ಠೆಯು ಅವಳ ದಾಸಿಯಾಗುತ್ತಾಳೆ. ಬಾವಿಯಿಂದ ಮೇಲೆತ್ತಲು ಕೈಹಿಡಿದ ಯಯಾತಿಯು ದೇವಯಾನಿಗೆ ಪತಿಯಾದನು. ಮುಂದೆ ವಿಷ ಕುಡಿಯಹೊರಟ ಶರ್ಮಿಷ್ಠೆಯ ಕೈಯನ್ನೂ ಅವನು ಹಿಡಿಯುತ್ತಾನೆ. ಕ್ರಿಯೆ ಒಂದೇ, ಆದರೆ ಆಚಾರ್ಯಪುತ್ರಿಯ ಪಾಲಿಗೆ ಅದು ಪಾಣಿಗ್ರಹಣ, ರಾಕ್ಷಸಕುಲದ ದಾಸಿಯ ಪಾಲಿಗೆ ಶಾಪಕ್ಕೆ ಕಾರಣ.

ಶಾಪದ ಪ್ರಸಂಗವು ಇದೇ ವಿಚಾರವನ್ನು ಮುಂದುವರಿಸುತ್ತದೆ. ತನ್ನ ಕರ್ಮದ ಫಲವನ್ನು ಇನ್ನೊಬ್ಬರ ದೇಹಕ್ಕೆ ದಾಟಿಸಬಲ್ಲ ಶಕ್ತಿಯೇ ಅಧಿಕಾರವೆಂಬ ಅರ್ಥ ಇಲ್ಲಿ ಹೊಮ್ಮುತ್ತದೆ. ಯಯಾತಿಯ ಮುಪ್ಪನ್ನು ಪುರು ಹೊತ್ತನು. ಆದರೆ ಅದರ ಬೆಲೆಯನ್ನು ಪ್ರಾಣಕೊಟ್ಟು ತೆತ್ತವಳು ಅವನ ಹೆಂಡತಿ ಚಿತ್ರಲೇಖೆ. ಮಹಾಭಾರತದ ಯಯಾತ್ಯುಪಾಖ್ಯಾನದಲ್ಲಿ ಇಲ್ಲದ ಈ ಪಾತ್ರವನ್ನು ನಾಟಕಕಾರರು ಸೃಷ್ಟಿಸಿದುದರ ಸಾರ್ಥಕತೆ ಇಲ್ಲಿದೆ.

ಆದರೂ ಒಂದು ಕೊರತೆಯನ್ನು ಹೇಳದಿರಲಾಗದು. ಶರ್ಮಿಷ್ಠೆಯು ದಾಸಿಯಾಗಿ ಹುಟ್ಟಿದವಳಲ್ಲ. ಪದವಿ ಕಳೆದುಕೊಂಡ ರಾಜಪುತ್ರಿ. ಅವಳ ಮಾತಿನ ಹರಿತಕ್ಕೆ ಅರಮನೆಯ ನೆನಪು ಆಧಾರವಾಗಿದೆ. ಆ ನೆನಪಿಲ್ಲದ ಸೇವಕಿ ಸ್ವರ್ಣಲತೆಯು ತನ್ನ ದುಃಖವನ್ನು ಹೇಳಿಕೊಳ್ಳಬಲ್ಲಳೇ ಹೊರತು ಕಥೆಯ ಗತಿಯನ್ನು ಬದಲಿಸಲಾರಳು. ‘ರಾಕ್ಷಸ’ ಎಂಬುದು ನಾಟಕದಲ್ಲಿ ಪುರಾಣದ ಮಾತಾಗಿಯೇ ಉಳಿಯುತ್ತದೆ.

ಈ ಕೊರತೆಯು ನಾಟಕಕಾರರು ಬೆಳೆದ ಸೀಮೆಯಲ್ಲಿ ನಿಂತು ನೋಡಿದರೆ ಹೆಚ್ಚು ಸ್ಪಷ್ಟವಾಗುತ್ತದೆ. ಬಾಲಕ ಕಾರ್ನಾಡರು ಇಲ್ಲಿ ಕಂಡ ಯಕ್ಷಗಾನದಲ್ಲಿ ರಾಕ್ಷಸನೆಂದರೆ ಬಣ್ಣದ ವೇಷ. ಆಟ ಮುಗಿದೊಡನೆ ಅಳಿಸಿಹೋಗುವಂಥದು. ಆದರೆ ಇದೇ ಶಿರಸಿ, ಯಲ್ಲಾಪುರಗಳ ಕಾಡಂಚಿನಲ್ಲಿ ಸಿದ್ದಿ ಜನರಿದ್ದಾರೆ. ಅವರ ಪೂರ್ವಿಕರಲ್ಲಿ ಅನೇಕರು ಆಫ್ರಿಕದಿಂದ ಪಶ್ಚಿಮ ಕರಾವಳಿಗೆ ಗುಲಾಮರಾಗಿ ಬಂದವರು. ಮೈಬಣ್ಣವು ಇವರಿಗೆ ವೇಷವಲ್ಲ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತುದು 2003ರಲ್ಲಿ.

1980ರ ದಶಕದಲ್ಲಿ ಯಲ್ಲಾಪುರ ತಾಲೂಕಿನ ಮಂಚಿಕೇರಿಯ ಪರಿಸರದ ಸಿದ್ದಿಗಳು ಶ್ರೀ ಚಿದಂಬರರಾವ್ ಜಂಬೆಯವರ ನಿರ್ದೇಶನದಲ್ಲಿ ‘ಕಪ್ಪು ಜನ ಕೆಂಪು ನೆರಳು’ ನಾಟಕವನ್ನಾಡಿದರು. ಅದಕ್ಕೆ ಆಧಾರ, ನೈಜೀರಿಯದ ಚಿನುವ ಅಚಿಬೆ 1958ರಲ್ಲಿ ಪ್ರಕಟಿಸಿದ ಕಾದಂಬರಿ. ‘ಯಯಾತಿ’ಯಲ್ಲಿ ಕುಲವನ್ನು ಕುರಿತು ಮಾತಿದೆ, ಮಂಚಿಕೇರಿಯಲ್ಲಿ, ಕುಲದ ಹೆಸರಿನಲ್ಲಿ ದೂರವಿರಿಸಲ್ಪಟ್ಟವರೇ ಮಾತನಾಡಿದರು.

ಇಪ್ಪತ್ತೆರಡರ ತರುಣನು ಎತ್ತಿದ ಪ್ರಶ್ನೆಯ ಹಿರಿಮೆ ಇದರಿಂದ ಕುಂದುವುದಿಲ್ಲ. ಆ ಪ್ರಶ್ನೆಯು ಇನ್ನೂ ಎಲ್ಲಿಗೆ ಸಾಗಬೇಕೆಂಬುದು ತಿಳಿಯುತ್ತದೆ, ಅಷ್ಟೆ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಕಾಲೇಜುಗಳಲ್ಲಿ ‘ಯಯಾತಿ’ಯನ್ನು ಆಡಿಸುವ ಅಧ್ಯಾಪಕರು ಯಯಾತಿ ಯಾರು, ಸ್ವರ್ಣಲತೆ ಯಾರು ಎಂದು ಪಾತ್ರ ಹಂಚುವಾಗಲೇ ಈ ವಿಚಾರವನ್ನು ವಿದ್ಯಾರ್ಥಿಗಳ ಮುಂದಿಡಬೇಕು. ನಾಟಕದ ಪಾಠವು ಅಲ್ಲಿಂದಲೇ ಆರಂಭವಾಗುತ್ತದೆಂಬುದು ನಮ್ಮ ಅಭಿಪ್ರಾಯ.