ಮುಖದ ಸುಕ್ಕು ಮಾರಾಟಕ್ಕಿದೆ, ಕಾಲಿನ ಬಿರುಕಿಗೆ ಗಿರಾಕಿಯಿಲ್ಲ

ಸಕ್ಕರೆಯಿಂದ ಚರ್ಮಕ್ಕೆ ಬೇಗ ಮುಪ್ಪು ಬರುತ್ತದೆ, ಆದ್ದರಿಂದ ಇದನ್ನು ಹಚ್ಚಿ, ಅದನ್ನು ಕುಡಿಯಿರಿ ಎನ್ನುವ ವ್ಯಾಪಾರ ಈಗ ಜೋರಾಗಿದೆ. ‘ಆ್ಯಂಟಿ ಗ್ಲೈಕೇಶನ್’ ಸೀರಮ್, ಕೊಲಾಜೆನ್ ಪುಡಿ, ರಾತ್ರಿ ಹಚ್ಚುವ ಕ್ರೀಮು ಎಲ್ಲಕ್ಕೂ ಒಂದೇ ಜಾಹೀರಾತಿನ ಮಾತು. ಆ ಮಾತಿನ ಮೊದಲ ಅರ್ಧ ನಿಜ. ನನ್ನ ತಕರಾರು ‘ಆದ್ದರಿಂದ’ ಎಂಬಲ್ಲಿಂದ ಶುರುವಾಗುತ್ತದೆ.

ಸಕ್ಕರೆಯೂ ಅಮೈನೊ ಆಮ್ಲವೂ ಕೂಡಿ ಕಂದುಬಣ್ಣಕ್ಕೆ ತಿರುಗುವುದನ್ನು ಫ್ರಾನ್ಸಿನ ಲೂಯಿ ಕಮಿ ಮಯಾರ್ 1912ರಲ್ಲಿ ವಿವರಿಸಿದ. ಕಾವಲಿಯ ಮೇಲೆ ದೋಸೆ ಕೆಂಪಗಾಗುವುದರ ಹಿಂದೆ ಇರುವುದೂ ಅದೇ ಕ್ರಿಯೆ. ಮೈಯೊಳಗೂ ಅದು ನಡೆಯುತ್ತದೆ, ಗ್ಲೈಕೇಶನ್ ಎನ್ನುವುದು ಅದನ್ನೇ; ಮೈಯ ಬಿಸಿಯಲ್ಲಿ ತೀರಾ ನಿಧಾನ, ಆದರೆ ನಿಲ್ಲುವುದಿಲ್ಲ. ಶುಗರ್ ಇರುವವರು ಮೂರು ತಿಂಗಳಿಗೊಮ್ಮೆ ಮಾಡಿಸುವ ಎಚ್‌ಬಿಎ1ಸಿ ಪರೀಕ್ಷೆ ಅಳೆಯುವುದೂ ರಕ್ತದ ಹಿಮೋಗ್ಲೋಬಿನ್‌ಗೆ ಹೀಗೆ ಅಂಟಿಕೊಂಡ ಸಕ್ಕರೆಯನ್ನೇ. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ, ಕಣ ಸತ್ತರೆ ಅದಕ್ಕೆ ಅಂಟಿದ್ದೂ ಹೋಯಿತು. ಚರ್ಮದ ಕೊಲಾಜೆನ್ ಅಷ್ಟು ಬೇಗ ಬದಲಾಗುವುದಿಲ್ಲ. ಅದರ ಅರ್ಧ ಭಾಗ ಹೊಸದಾಗಲು ಸುಮಾರು 15 ವರ್ಷ ಬೇಕು. ಅಷ್ಟರೊಳಗೆ ಎಳೆ ಎಳೆಗೆ ಬೆಸುಗೆ ಬಿದ್ದು ಚರ್ಮ ಬಿರುಸಾಗುತ್ತದೆ. ಅಮೆರಿಕ ಮತ್ತು ಕೆನಡಾದಲ್ಲಿ 1983ರಿಂದ 1993ರವರೆಗೆ ಟೈಪ್ 1 ಮಧುಮೇಹಿಗಳ ಮೇಲೆ ನಡೆದ ದೊಡ್ಡ ಅಧ್ಯಯನದಲ್ಲಿ ಕೆಲವರ ಚರ್ಮದ ಚೂರು ತೆಗೆದು ನೋಡಿದರು. ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟವರ ಕೊಲಾಜೆನ್‌ನಲ್ಲಿ ಈ ಹಾನಿ ಕಡಿಮೆಯಿತ್ತು. ಅವರ ಚರ್ಮವನ್ನು ಕಾಯ್ದದ್ದು ಇನ್ಸುಲಿನ್, ಮೇಲೆ ಹಚ್ಚಿದ ಯಾವುದೂ ಅಲ್ಲ.

ಹಾಗಾದರೆ ಮುಖಕ್ಕೆ ಎಷ್ಟು ವಯಸ್ಸಾಗುತ್ತದೆ? ನೆದರ್ಲೆಂಡ್ಸ್‌ನ ಲೈಡನ್ ಸಂಶೋಧಕರು 2013ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ರಕ್ತದ ಗ್ಲೂಕೋಸ್ ಡೆಸಿಲೀಟರಿಗೆ 18 ಮಿಲಿಗ್ರಾಂ ಹೆಚ್ಚಿದ್ದವರು ನೋಡುವವರ ಕಣ್ಣಿಗೆ ಸುಮಾರು ಐದು ತಿಂಗಳು ದೊಡ್ಡವರಾಗಿ ಕಂಡರು. ಬಿಸಿಲಿನ ಹೊಡೆತ, ಸಿಗರೇಟು ಇವುಗಳ ಪಾಲನ್ನು ಕಳೆದ ಮೇಲಿನ ಲೆಕ್ಕ ಇದು. ಐದು ತಿಂಗಳು! ಅದೂ ನಂಟು ತೋರಿಸುವ ಲೆಕ್ಕವೇ ಹೊರತು ಕಾರಣ ಸಾಬೀತು ಮಾಡುವಂಥದ್ದಲ್ಲ.

ಕ್ರೀಮುಗಳ ಪರೀಕ್ಷೆಯೂ ಆಗಿದೆ. ಬ್ಲೂಬೆರಿ ಸಾರವಿದ್ದ ಒಂದನ್ನು 20 ಮಧುಮೇಹಿ ಮಹಿಳೆಯರು 12 ವಾರ ಹಚ್ಚಿಕೊಂಡರು. ಗೆರೆಗಳು ಮಾಸಿದವು, ಚರ್ಮ ನುಣುಪಾಯಿತು; ಆದರೆ ಒಳಗೆ ಸೇರಿದ್ದ ಆ ಸಕ್ಕರೆ ಅಂಟಿನ ಪ್ರಮಾಣ ಇಳಿಯಲಿಲ್ಲ. ನುಣುಪಾಗಲು ತೇವ ಹಿಡಿದಿಡುವ ಯಾವ ಒಳ್ಳೆಯ ಕ್ರೀಮಾದರೂ ಸಾಕು. ಬೆಸುಗೆ ಬಿಡಿಸಲೆಂದೇ ಹುಡುಕಿದ ಅಲಾಜೆಬ್ರಿಯಂ ಎಂಬ ಔಷಧಿ ಪೇಟೆ ಮುಟ್ಟುವ ಮೊದಲೇ ನಿಂತುಹೋಯಿತು. ಮಾತ್ರೆಯಿಂದ ಆಗದ್ದು ಸೀರಮ್‌ನಿಂದ ಆಗುತ್ತದೆಂದು ನಂಬಲು ನನಗೆ ಯಾವ ಕಾರಣವೂ ಕಾಣುತ್ತಿಲ್ಲ.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಈ ವ್ಯಾಪಾರ ಮಧುಮೇಹವನ್ನು ಹುಡುಕುವುದು ಕೆನ್ನೆಯ ಮೇಲೆ. ರೋಗ ಬರೆಯುವುದು ಬೇರೆ ಜಾಗಗಳಲ್ಲಿ, ಮತ್ತು ಸುಕ್ಕಿನ ರೂಪದಲ್ಲಿ ಅಲ್ಲವೇ ಅಲ್ಲ. ಎಷ್ಟೋ ಜನರಲ್ಲಿ ಚರ್ಮ ಜೋಲುವ ಬದಲು ದಪ್ಪಗಾಗುತ್ತದೆ. ಬೆರಳ ಮೇಲಿನ ಚರ್ಮ ಮೇಣ ಬಳಿದಂತೆ ಬಿಗಿದು, ಕೈಮುಗಿದರೆ ಅಂಗೈಗಳು ಪೂರ್ತಿ ಕೂಡದೆ ನಡುವೆ ಸಂದು ಉಳಿಯುತ್ತದೆ. ಎಳೆಯ ಮಧುಮೇಹಿಗಳಲ್ಲಿ ಇದನ್ನು 1974ರಲ್ಲಿ ಅಮೆರಿಕದ ರೋಸೆನ್‌ಬ್ಲೂಮ್ ಮತ್ತು ಫ್ರಿಯಾಸ್ ಗುರುತಿಸಿದರು. ದಿನಕ್ಕೆ ಹತ್ತು ಸಲ ನಮಸ್ಕಾರ ಮಾಡುವ ನಮ್ಮಲ್ಲಿ ಈ ಪರೀಕ್ಷೆಗೆ ಕಾಸಿನ ಖರ್ಚಿಲ್ಲ. ಆದರೂ ಎಷ್ಟು ಕ್ಲಿನಿಕ್ಕುಗಳಲ್ಲಿ ‘ಎಲ್ಲಿ, ಕೈಮುಗಿಯಿರಿ ನೋಡೋಣ’ ಎನ್ನುತ್ತಾರೆ?

ಕತ್ತಿನ ಕಪ್ಪೂ ಹಾಗೆಯೇ. ಹಿಂಗತ್ತಿನಲ್ಲಿ, ಕಂಕುಳಲ್ಲಿ ಮಖಮಲ್ಲಿನಂತೆ ದಪ್ಪಗಾಗುವ ಆ ಕಪ್ಪು ಬಹಳ ಸಲ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬುದರ ಗುರುತು. ಮನೆಯಲ್ಲಿ ಅದಕ್ಕೆ ‘ಕೊಳೆ’ ಎಂಬ ಹೆಸರು. ಕಡಲೆಹಿಟ್ಟು, ನಿಂಬೆಹೋಳು ಹಾಕಿ ಮಕ್ಕಳ ಕತ್ತು ಉಜ್ಜಿದ್ದೇ ಉಜ್ಜಿದ್ದು. ಪಾರ್ಲರ್‌ನವರು ‘ಟ್ಯಾನ್’ ಎನ್ನುತ್ತಾರೆ, ಅಷ್ಟೇ ವ್ಯತ್ಯಾಸ. ಐಸಿಎಂಆರ್‌ನ 2023ರ ವರದಿಯಂತೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳು, ಅಂಚಿನಲ್ಲಿರುವವರು 13.6 ಕೋಟಿ. ಆ ಅಂಚಿನವರನ್ನು ಬೇಗ ಪತ್ತೆಹಚ್ಚಬಲ್ಲ ಗುರುತನ್ನೇ ನಾವು ಉಜ್ಜಿ ಅಳಿಸಲು ನೋಡುತ್ತೇವೆ. ಚರ್ಮಕ್ಕೆ ಬೆಳಕು ಬಿಟ್ಟು ಒಳಗಿನ ಸಕ್ಕರೆ ಅಂಟನ್ನು ಅಳೆಯುವ ಯಂತ್ರವೂ ಇದೆ, ಆದರೆ ದಟ್ಟ ಬಣ್ಣದ ಚರ್ಮದ ಮೇಲೆ ಅದರ ಅಳತೆ ನೆಚ್ಚುವಂತಿಲ್ಲ. ಅಂದರೆ ನಮ್ಮಲ್ಲಿ ಹಲವರಿಗೆ ಅದೂ ಇಲ್ಲ.

ಇನ್ನು ಪಾದ. ನರ ಸೋತರೆ ಬೆವರು ನಿಲ್ಲುತ್ತದೆ, ಹಿಮ್ಮಡಿ ಒಣಗಿ ಬಿರಿಯುತ್ತದೆ, ನೋವು ಗೊತ್ತಾಗುವುದಿಲ್ಲ. ಆ ಬಿರುಕಿನಿಂದ ಹೊಕ್ಕ ಸೋಂಕು ಬೆರಳನ್ನೋ ಕಾಲನ್ನೋ ತೆಗೆಸಬಹುದು. ಮಧುಮೇಹಿಯ ಚರ್ಮಕ್ಕೆ ಒದಗುವ ನಿಜವಾದ ಕೇಡು ಇದು. ಇದನ್ನು ತೋರಿಸುವ ಜಾಹೀರಾತು ಒಂದೂ ನನ್ನ ಕಣ್ಣಿಗೆ ಬಿದ್ದಿಲ್ಲ, ಬಿರಿದ ಹಿಮ್ಮಡಿಯ ಫೋಟೋ ಇಟ್ಟು ಸೀರಮ್ ಮಾರಲಾಗದು.

ಕ್ರೀಮಿಗೆ ದುಡ್ಡು ಕೊಡಲೇಬೇಕೆಂದಿದ್ದರೆ ಔಷಧಿ ಅಂಗಡಿಯಲ್ಲಿ ಸಿಗುವ ಯೂರಿಯಾ ಕ್ರೀಮು ತಂದು ಹಿಮ್ಮಡಿಗೆ ಹಚ್ಚಿ. ಬೆರಳ ಸಂದಿಗೆ ಬೇಡ, ಅಲ್ಲಿ ತೇವ ನಿಂತರೆ ಬೂಷ್ಟು ಹಿಡಿಯುತ್ತದೆ. ರಾತ್ರಿ ಮಲಗುವ ಮುನ್ನ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಿ. ಗಾಯ ಕಂಡರೆ ಬೆಳಿಗ್ಗೆಯೇ ಡಾಕ್ಟರಿಗೆ ತೋರಿಸಿ.