ಮೋಟಾರು ಎಣಿಸಲಾರದ್ದು

ವಿಟಿಯು ಕಾಲೇಜುಗಳಲ್ಲಿ ಆಟೊಮ್ಯಾಟ ಎಂದರೆ ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿ ದಾಟುವ ವಿಷಯ. ಅಂಕ ಬರುತ್ತದೆ, ಆದರೆ ಕಂಪ್ಯೂಟರಿನಿಂದ ಏನಾಗುತ್ತದೆ, ಏನಾಗದು ಎಂಬ ಮೂಲ ಪ್ರಶ್ನೆ ಹಾಗೇ ಉಳಿಯುತ್ತದೆ. ಎಂಐಟಿಯ ಮೈಕೆಲ್ ಸಿಪ್ಸರ್ ಬರೆದ ‘ಇಂಟ್ರೊಡಕ್ಷನ್ ಟು ದಿ ಥಿಯರಿ ಆಫ್ ಕಂಪ್ಯುಟೇಷನ್’ ಆ ಪ್ರಶ್ನೆಯನ್ನೇ ಬೆನ್ನುಹತ್ತುತ್ತದೆ.

ಪುಸ್ತಕದ ದೊಡ್ಡ ಗುಣ, ಮುಖ್ಯ ಪ್ರಮೇಯಗಳ ಸಾಧನೆಗೆ ಮೊದಲು ಬರುವ ‘ಪ್ರೂಫ್ ಐಡಿಯಾ’. ಚಿಹ್ನೆಗಳ ಕಾಡಿಗೆ ಇಳಿಯುವ ಮುನ್ನ ದಾರಿ ಯಾವ ಕಡೆಗೆ ಎಂದು ಸರಳ ಮಾತಿನಲ್ಲಿ ಹೇಳಿಬಿಡುತ್ತಾರೆ. ಕನ್ನಡ ಮಾಧ್ಯಮದಿಂದ ಬಂದವರಿಗೆ ಇದೇ ಆಸರೆ.

ಯಂತ್ರಗಳ ಪಾಠವನ್ನು ಸಿಪ್ಸರ್ ಶುರುಮಾಡುವುದು ತಾನಾಗಿ ತೆರೆಯುವ ಬಾಗಿಲಿನಿಂದ. ನಮ್ಮ ಕಡೆ ಅದರ ಬದಲು ಮುಳವಾಡ ಏತ ನೀರಾವರಿ ಯೋಜನೆಯನ್ನು ನೆನೆದರೆ ಸಾಕು. ನೀರೆತ್ತುವ ಮೋಟಾರಿಗೆ ಎರಡೇ ಸ್ಥಿತಿ: ಚಾಲೂ, ಬಂದ್. ಕೆಳಗಿನ ನೀರಿನ ಮಟ್ಟ ಏರಿದಾಗ ಚಾಲೂ, ಇಳಿದಾಗ ಬಂದ್ ಮಾಡಲು ಸೀಮಿತ ಸ್ಥಿತಿಯ ಯಂತ್ರ ಸಾಕು. ಆದರೆ ಎರಡು ಮೋಟಾರುಗಳ ದಾಖಲೆ ಎಷ್ಟೇ ಉದ್ದವಿರಲಿ, ಎರಡೂ ಅಷ್ಟಷ್ಟೇ ಸಲ ಚಾಲೂ ಆಗಿವೆಯೇ ಎಂದು ಹೇಳಬೇಕೆಂದರೆ ಆ ಯಂತ್ರ ಸೋಲುತ್ತದೆ. ಮಿತಿಯಿಲ್ಲದ ಲೆಕ್ಕ ಇಡಲು ಅದಕ್ಕೆ ಜಾಗವಿಲ್ಲ. ಅದಕ್ಕಿಂತ ಬಲವಾದ ಯಂತ್ರ ಬೇಕು.

ಎಲ್ಲಕ್ಕಿಂತ ಬಲವಾದದ್ದು ಟ್ಯೂರಿಂಗ್ ಯಂತ್ರ: ಕಂಪ್ಯೂಟರ್ ಮಾಡುವುದನ್ನೆಲ್ಲ ಮಾಡಬಲ್ಲ, ಕಾಗದದ ಮೇಲಿನ ಯಂತ್ರ. ಅದಕ್ಕೂ ಮಿತಿಯಿದೆ ಎಂದು ಅಲನ್ ಟ್ಯೂರಿಂಗ್ 1936ರಲ್ಲೇ ತೋರಿಸಿದರು. ಯಾವ ಪ್ರೋಗ್ರಾಂ ಕೊಟ್ಟರೂ ಅದು ನಿಲ್ಲುತ್ತದೋ ಇಲ್ಲವೋ ಎಂದು ತಪ್ಪದೆ ಹೇಳುವ ಪ್ರೋಗ್ರಾಂ ಇದೆ ಎನ್ನಿ. ಅದನ್ನು ಒಳಗಿಟ್ಟುಕೊಂಡು, ‘ನಿಲ್ಲುತ್ತದೆ’ ಎಂದರೆ ಸುತ್ತುತ್ತಲೇ ಇರುವ, ‘ನಿಲ್ಲದು’ ಎಂದರೆ ನಿಂತುಬಿಡುವ ಇನ್ನೊಂದನ್ನು ಬರೆದು, ಆ ಎರಡನೆಯದಕ್ಕೆ ಅದನ್ನೇ ಉಣಿಸಿ. ಮೊದಲನೆಯದು ಯಾವ ಉತ್ತರ ಕೊಟ್ಟರೂ ಸುಳ್ಳು; ಹಾಗಾಗಿ ಅಂಥ ಪ್ರೋಗ್ರಾಂ ಇರಲಾರದು. ಈ ಬಗೆಯ ತರ್ಕವನ್ನು ಸಿಪ್ಸರ್ ಅವಸರವಿಲ್ಲದೆ, ಕೋಷ್ಟಕ ಹಾಕಿ ಬಿಡಿಸುತ್ತಾರೆ. ಪುಸ್ತಕದ ತಿರುಳು ಇದೇ.

ಕೊರತೆಗಳೂ ಇವೆ. ನಮ್ಮ ಪರೀಕ್ಷೆಗಳು ಬಿಡದೆ ಕೇಳುವ ಯಂತ್ರದ ಸ್ಥಿತಿಗಳನ್ನು ಆದಷ್ಟು ಕಡಿಮೆ ಮಾಡುವ ವಿಧಾನಕ್ಕೆ ಮುಖ್ಯ ಪಠ್ಯದಲ್ಲಿ ಪ್ರತ್ಯೇಕ ಭಾಗವಿಲ್ಲ. ಸೀಮಿತ ಸ್ಥಿತಿಯ ಯಂತ್ರ ಎಲ್ಲಿ ಸಾಕು, ಎಲ್ಲಿ ಸೋಲುತ್ತದೆ ಎಂದು ಹೇಳುವ ಮೈಹಿಲ್–ನೆರೋಡ್ ಪ್ರಮೇಯವೂ ಅಭ್ಯಾಸಗಳ ಪಾಲಾಗಿದೆ. ಟ್ಯೂರಿಂಗ್ ಯಂತ್ರವನ್ನು ಹೆಜ್ಜೆಹೆಜ್ಜೆಗೂ ಬರೆಯುವ ರೂಢಿಯನ್ನು ಅವರು ಬೇಗ ಕೈಬಿಟ್ಟು ಮಾತಿನ ವಿವರಣೆಗೆ ಹೊರಳುತ್ತಾರೆ. ಕೈ ಪಳಗಲು ಹಾಪ್‌ಕ್ರಾಫ್ಟ್, ಮೊಟ್ವಾನಿ, ಉಲ್ಮನ್ ಪುಸ್ತಕವೇ ಗತಿ.

ಆದರೂ ಒಂದೇ ಪುಸ್ತಕ ಕೊಳ್ಳುವುದಾದರೆ ಸಿಪ್ಸರ್‌ದೇ ಕೊಳ್ಳಿ. ಮೇಷ್ಟ್ರುಗಳಲ್ಲಿ ಒಂದು ಮಾತು: ಪ್ರಮೇಯ ಬೋರ್ಡಿಗೇರುವ ಮೊದಲು ಅದರ ಐಡಿಯಾವನ್ನು ಐದು ನಿಮಿಷ ಕನ್ನಡದಲ್ಲಿ ಹೇಳಿ.